ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಗಾಳಿ

ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಬದಲಾಯಿಸಿದ ಮೇಲೆ ಗಾಡಿ ಹೀಟ್ ಆಗ್ತಿದೆ ಎಂದು ಯಾರೇ ಹೇಳಲಿ, ಸಿಗುವ ಉತ್ತರ ಒಂದೇ: "ಏರ್ ಲಾಕ್ ಆಗಿದೆ, ಕ್ಯಾಪ್ ತೆಗೆದು ಎಂಜಿನ್ ಓಡಿಸಿ, ಗಾಳಿ ತಾನಾಗೇ ಹೋಗುತ್ತೆ." ಪ್ರೀಮಿಯರ್ ಪದ್ಮಿನಿಯಂಥ ಗಾಡಿಗೆ ಈ ಮಾತು ಸಾಕು. ಅಲ್ಲಿ ಎಂಜಿನ್ನಿನ ಎದುರಿಗೇ ರೇಡಿಯೇಟರ್, ರೇಡಿಯೇಟರಿನ ನೆತ್ತಿಯ ಮೇಲೇ ಕ್ಯಾಪ್. ಗಾಳಿ ಹೋಗಬೇಕಾದ ದಾರಿ ಒಂದು ಮೊಳದಷ್ಟು. ಅದೇ ಫಿಯಾಟ್ ಕುಲದ, ಎಂಜಿನ್ ಹಿಂದಿರುವ ಎಕ್ಸ್ 1/9 ಸ್ಪೋರ್ಟ್ಸ್ ಕಾರಿಗೆ ಇದೇ ಸಲಹೆ ಕೊಟ್ಟರೆ ಹಿಂದಿನ ಕ್ಯಾಪಿನಿಂದ ಗುಳ್ಳೆ ಬರುತ್ತಲೇ ಇರುತ್ತದೆ, ಮುಂದಿನ ರೇಡಿಯೇಟರ್ ಕೈಗೆ ತಣ್ಣಗೇ ಇರುತ್ತದೆ, ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ಮೇಲೇರುತ್ತಾ ಹೋಗುತ್ತದೆ. ಅದನ್ನು ಗಮನಿಸದೆ ಹೋದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಬಾಗಿ, ಅದರಡಿಯ ಸೀಲಾದ ಗ್ಯಾಸ್ಕೆಟ್ ಹೋಗುತ್ತದೆ. ತಪ್ಪು ಗಾಡಿಯದಲ್ಲ. ಗಾಳಿ ಎಲ್ಲಿ ಕೂತಿದೆ, ಅಲ್ಲಿಂದ ಮೇಲಕ್ಕೆ ದಾರಿ ಇದೆಯೇ ಎಂದು ಯಾರೂ ನೋಡದೇ ಇರುವುದೇ ತಪ್ಪು.

ಎಕ್ಸ್ 1/9 ಹೊರಬಂದದ್ದು 1972ರಲ್ಲಿ. ಇಟಲಿಯ ಕಾರು ವಿನ್ಯಾಸ ಸಂಸ್ಥೆ ಬೆರ್ಟೋನೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ ಅದರ ರೂಪ ಕೊಟ್ಟವರು. ಫಿಯಾಟ್ 128 ಎಂಬ ಸಾಧಾರಣ ಫ್ರಂಟ್ ವ್ಹೀಲ್ ಡ್ರೈವ್ ಕಾರಿನ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಯಾಗಿಯೇ ಎತ್ತಿ ಸೀಟುಗಳ ಹಿಂದೆ ಅಡ್ಡಲಾಗಿ ಕೂರಿಸಿದರು. ಮೊದಲು 1290 ಸಿಸಿ, 1978ರಿಂದ 1498 ಸಿಸಿ. 1989ರವರೆಗೂ ಈ ಕಾರು ತಯಾರಾಯಿತು, ಕೊನೆಯ ವರ್ಷಗಳಲ್ಲಿ ಬೆರ್ಟೋನೆಯ ಹೆಸರಿನಲ್ಲೇ. ಎಂಜಿನ್ ಹಿಂದಕ್ಕೆ ಹೋಯಿತು, ಆದರೆ ಗಾಳಿ ಬೀಸುವುದು ಮುಂದೆ. ಹಾಗಾಗಿ ರೇಡಿಯೇಟರ್ ಮೂಗಿನಲ್ಲೇ ಉಳಿಯಿತು. ಎರಡರ ನಡುವೆ ನೀರನ್ನು ಒಯ್ಯಲು ಕಾರಿನ ಹೊಟ್ಟೆಯಡಿ, ನಡುವೆ ಉದ್ದಕ್ಕೂ ಸುರಂಗದಂತಿರುವ ಟನಲ್‌ನಲ್ಲಿ ಎರಡು ದಪ್ಪ ಉಕ್ಕಿನ ಪೈಪುಗಳು. ವ್ಹೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 2202 ಮಿ.ಮೀ. ಎಂದರೆ ಒಂದು ಪೈಪಿನ ಉದ್ದವನ್ನು ಊಹಿಸಿಕೊಳ್ಳಬಹುದು. ಕ್ಯಾಬಿನ್ನಿನ ಹೀಟರ್ ಇರುವುದೂ ಮುಂದೆಯೇ, ಡ್ಯಾಶ್‌ಬೋರ್ಡಿನ ಒಳಗೆ. ಅದರ ನೀರೂ ಹಿಂದಿನಿಂದಲೇ ಬಂದು ಹಿಂದಕ್ಕೇ ಮರಳಬೇಕು. ಇಡೀ ವ್ಯವಸ್ಥೆ ಹಿಡಿಯುವ ಕೂಲೆಂಟ್ ಸುಮಾರು 11 ಲೀಟರ್, ಸಾಧಾರಣ ಸಣ್ಣ ಕಾರಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು.

ಎತ್ತರ ಗೊತ್ತಿಲ್ಲದೆ ಸ್ಪ್ಯಾನರ್ ಹಿಡಿಯಬೇಡಿ

ಕಾರಿನ ಪಕ್ಕದಲ್ಲಿ ನಿಂತು ಈ ನೀರಿನ ದಾರಿಯನ್ನು ಪಾರ್ಶ್ವನೋಟವಾಗಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಹಿಂದೆ ಎತ್ತರದಲ್ಲಿ ಸಿಲಿಂಡರ್ ಹೆಡ್, ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟಿನ ಹೌಸಿಂಗ್, ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕ್. ಅಲ್ಲಿಂದ ಗೆರೆ ಕೆಳಗಿಳಿದು ನೆಲದ ಹತ್ತಿರ ಚಪ್ಪಟೆಯಾಗಿ ಮುಂದಕ್ಕೆ ಸಾಗುತ್ತದೆ. ಮುಂದೆ ಮತ್ತೆ ಮೇಲೆದ್ದು ರೇಡಿಯೇಟರಿನ ತಲೆ ಮುಟ್ಟುತ್ತದೆ. ಹೀಟರಿನ ಗೆರೆಯೂ ಹಾಗೆಯೇ, ಟನಲ್‌ನಿಂದ ಎದ್ದು ಡ್ಯಾಶ್‌ಬೋರ್ಡಿನವರೆಗೆ ಹೋಗಿ ಮತ್ತೆ ಇಳಿಯುತ್ತದೆ. ಚಿತ್ರದಲ್ಲಿ ಮೂರು ಗುಡ್ಡ, ನಡುವೆ ಕಣಿವೆ. ಗಾಳಿ ಕೂರುವುದು ಗುಡ್ಡದ ನೆತ್ತಿಯಲ್ಲಿ. ಹಿಂದಿನ ಗುಡ್ಡದಲ್ಲಿ ಕ್ಯಾಪ್ ತೆಗೆದರೆ ಹಿಂದಿನ ಗಾಳಿ ಮಾತ್ರ ಹೋಗುತ್ತದೆ. ಮುಂದಿನ ಗಾಳಿ ಕಣಿವೆಯ ನೀರನ್ನು ದಾಟಿ ಕೆಳಗಿಳಿದು ಹಿಂದಕ್ಕೆ ಬರಲಾರದು.

ಗಾರೆ ಕೆಲಸದವರು ಗೋಡೆಗೆ ಮಟ್ಟ ಹಿಡಿಯಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ನಡುವೆ ಎಲ್ಲೋ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ಬರುವುದಿಲ್ಲ. ಮೇಸ್ತ್ರಿ ಮೊದಲು ಪೈಪನ್ನು ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆಯನ್ನು ಓಡಿಸುತ್ತಾನೆ, ಆಮೇಲೆ ಗುರುತು ಹಾಕುತ್ತಾನೆ. ಕಾರಿನಲ್ಲಿ ಪೈಪು ಕಾಣುವುದಿಲ್ಲ, ತುದಿಗಳು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಸ್ವಲ್ಪ ಗಾಳಿ ಇದ್ದರೇನಂತೆ, ಪಂಪು ತಳ್ಳಿಕೊಂಡು ಹೋಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ವಾಟರ್ ಪಂಪ್ ಎಂಬುದು ರೆಕ್ಕೆ ತಿರುಗಿಸಿ ನೀರನ್ನು ಅಂಚಿಗೆ ಎಸೆಯುವ ಯಂತ್ರ. ನೀರಿಗೆ ತೂಕವಿದೆ, ಎಸೆಯಬಹುದು. ಗಾಳಿಗೆ ತೂಕವೇ ಇಲ್ಲದಂತೆ, ಎಸೆದರೂ ಒತ್ತಡ ಹುಟ್ಟುವುದಿಲ್ಲ. ಪಂಪಿನ ಹೊಟ್ಟೆಗೆ ಗಾಳಿ ಹೊಕ್ಕರೆ ಅದು ಸುಮ್ಮನೆ ತಿರುಗುತ್ತದೆ, ನೀರು ನಿಂತಲ್ಲೇ ನಿಲ್ಲುತ್ತದೆ. ಇನ್ನು ಶಾಖ ಒಯ್ಯುವ ಶಕ್ತಿ: ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯೇರುವಾಗ ಹೊತ್ತುಕೊಳ್ಳುವ ಶಾಖ, ಅಷ್ಟೇ ಗಾತ್ರದ ಗಾಳಿ ಹೊರುವುದಕ್ಕಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು. ಎಕ್ಸಾಸ್ಟ್ ವಾಲ್ವುಗಳ ನಡುವಿನ ಲೋಹದ ಪಕ್ಕ ಒಂದು ಚಮಚದಷ್ಟು ಗಾಳಿ ಕೂತರೂ ಅಲ್ಲಿ ಉಗಿ ಹುಟ್ಟುತ್ತದೆ, ಉಗಿ ಸುತ್ತಲಿನ ನೀರನ್ನು ತಳ್ಳಿ ಗುಳ್ಳೆಯನ್ನು ದೊಡ್ಡದು ಮಾಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೂರುವಂತೆಯೂ ಇಲ್ಲ. ಉಷ್ಣತೆ ಅಳೆಯುವ ಸೆಂಡರಿನ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದು ಸರಿಯಾದ ಲೆಕ್ಕ ಕೊಡುತ್ತದೆ. ಗಾಳಿಯಲ್ಲಿ ತೇಲುತ್ತಿದ್ದರೆ ಹೆಡ್ ಬೇಯುತ್ತಿರುವಾಗಲೂ ಮುಳ್ಳು ನಡುವಿನಲ್ಲೇ ನಿಂತಿರಬಹುದು. ಫ್ಯಾನ್ ಕತೆಯೂ ಇದೇ. ಫ್ಯಾನ್ ಸ್ವಿಚ್ ಇರುವುದು ಮುಂದಿನ ರೇಡಿಯೇಟರಿನಲ್ಲಿ. ಬಿಸಿನೀರು ಅಲ್ಲಿಗೆ ಬಂದರೆ ತಾನೇ ಅದು ಆನ್ ಆಗುವುದು? "ಫ್ಯಾನ್ ತಿರುಗುತ್ತಿಲ್ಲ, ಸ್ವಿಚ್ ಹೋಗಿದೆ" ಎಂದು ಹೊಸ ಸ್ವಿಚ್ ತರಿಸುವ ಮೊದಲು ರೇಡಿಯೇಟರಿನ ಮೇಲೆ ಕೈಯಿಟ್ಟು ನೋಡಬೇಕು.

ಪ್ರತಿ ಕಾರಿನ ಗುಡ್ಡ ಕಣಿವೆ ಬೇರೆ. 1970ರಿಂದ 77ರವರೆಗೆ ಬಂದ ಟ್ರಯಂಫ್ ಸ್ಟ್ಯಾಗ್‌ನಲ್ಲಿ ಎಂಜಿನ್ನೂ ರೇಡಿಯೇಟರೂ ಮುಂದೆಯೇ ಇವೆ, ಆದರೂ ಆ ಕಾರು ಹೀಟ್ ಆಗುವುದಕ್ಕೆ ಹೆಸರುವಾಸಿ. ಅದರ ವಿ8 ಎಂಜಿನ್ನಿನಲ್ಲಿ ವಾಟರ್ ಪಂಪ್ ಕೂತಿರುವುದು ಸಿಲಿಂಡರುಗಳ ಎರಡು ಸಾಲುಗಳ ನಡುವೆ, ಮೇಲ್ಗಡೆ. ನೀರಿನ ಮಟ್ಟ ಸ್ವಲ್ಪ ಇಳಿದರೂ ಮೊದಲು ಒಣಗುವುದು ಪಂಪು. ಆ ಕಾರಿನಲ್ಲಿ ಗಾಳಿ ತೆಗೆಯುವುದೆಂದರೆ ಮೊದಲು ಪಂಪಿನ ನೆತ್ತಿಯವರೆಗೂ ನೀರು ಏರಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಎಕ್ಸ್ 1/9ರ ಕ್ರಮವನ್ನು ಸ್ಟ್ಯಾಗ್‌ಗೆ, ಸ್ಟ್ಯಾಗ್‌ನದನ್ನು ಇನ್ನೊಂದಕ್ಕೆ ಹಚ್ಚಿದರೆ ಕೆಲಸ ಕೆಡುತ್ತದೆ.

ಮೂಗು ಮೇಲೋ, ಬಾಲ ಮೇಲೋ

ಗಾಳಿ ತೆಗೆಯುವಾಗ, ಅಂದರೆ ಬ್ಲೀಡ್ ಮಾಡುವಾಗ, ಕಾರಿನ ಮುಂಭಾಗ ಎತ್ತಬೇಕು ಎನ್ನುವವರು ಬಹಳ. ಎಂಜಿನ್ ಮುಂದಿರುವ ಕಾರಿನಲ್ಲಿ ಅದು ಸರಿ, ಏಕೆಂದರೆ ತುಂಬುವ ಬಾಯಿಯೂ ಮುಂದೆಯೇ ಇರುತ್ತದೆ. ಮುಂಭಾಗ ಎತ್ತಿದರೆ ಆ ಬಾಯಿಯೇ ಎಲ್ಲಕ್ಕಿಂತ ಎತ್ತರವಾಗಿ ಗಾಳಿಯೆಲ್ಲ ಅಲ್ಲಿಗೇ ಬರುತ್ತದೆ. ಎಕ್ಸ್ 1/9ರಲ್ಲಿ ತುಂಬುವ ಬಾಯಿ ಹಿಂದಿದೆ. ಮೂಗನ್ನು ಎತ್ತಿದಷ್ಟೂ ರೇಡಿಯೇಟರಿನ ತಲೆ ಟ್ಯಾಂಕಿನ ನೀರಿನ ಮಟ್ಟಕ್ಕೆ ಹತ್ತಿರವಾಗುತ್ತದೆ, ಹೆಚ್ಚು ಎತ್ತಿದರೆ ಅದನ್ನೂ ಮೀರುತ್ತದೆ. ಆಗ ರೇಡಿಯೇಟರಿನ ಮೇಲಂಚಿನಲ್ಲಿ ಗಾಳಿ ಬಿಡಲೆಂದೇ ಇರುವ ಬ್ಲೀಡ್ ಸ್ಕ್ರೂ ಬಿಚ್ಚಿದರೆ ಗಾಳಿ ಹೊರಬರುವ ಬದಲು ಒಳಗೆ ಹೋಗುತ್ತದೆ. ಹತ್ತು ಸೆಂ.ಮೀ. ನೀರಿನ ಎತ್ತರ ಕೊಡುವ ಒತ್ತಡ 0.01 ಬಾರ್ ಮಾತ್ರ. ಎಂಜಿನ್ ನಿಂತಿರುವಾಗ ನಮ್ಮ ಕೈಯಲ್ಲಿರುವ ಬಲ ಅಷ್ಟೇ, ಅದನ್ನು ಕಳೆದುಕೊಳ್ಳುವಂತಿಲ್ಲ. ಆದ್ದರಿಂದ ಈ ಕಾರಿನಲ್ಲಿ ಹಿಂಭಾಗವನ್ನು ಒಂದಿಪ್ಪತ್ತು ಸೆಂ.ಮೀ. ಎತ್ತುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಟ್ಯಾಂಕು ಎಲ್ಲಕ್ಕಿಂತ ಮೇಲೆ, ನೀರು ತನ್ನ ಭಾರದಿಂದಲೇ ಮುಂದಕ್ಕೆ ನುಗ್ಗಿ ರೇಡಿಯೇಟರಿನ ಗಾಳಿಯನ್ನು ಬ್ಲೀಡ್ ಸ್ಕ್ರೂನಿಂದ ಹೊರದೂಡುತ್ತದೆ. ಟನಲ್ ಪೈಪುಗಳೂ ಹಿಂದಕ್ಕೆ ಏರುವಂತೆ ಓರೆಯಾಗುವುದರಿಂದ ಅವುಗಳ ಗಾಳಿ ಎಂಜಿನ್ ಕಡೆ ಹತ್ತಿ ಥರ್ಮೋಸ್ಟಾಟ್ ಹೌಸಿಂಗಿನಿಂದ ಆಚೆ ಹೋಗುತ್ತದೆ. ಮೂಗನ್ನೇ ಎತ್ತಬೇಕಾದ ಸಂದರ್ಭ ಬಂದರೆ ಟ್ಯಾಂಕಿನ ಬಾಯಿಗೆ ಸೀಲ್ ಆಗಿ ಕೂರುವ ಎತ್ತರದ ಫನಲ್ ಬೇಕೇ ಬೇಕು, ಅದರೊಳಗಿನ ನೀರು ರೇಡಿಯೇಟರಿಗಿಂತ ಮೇಲಿರಬೇಕು.

ಜಾಕ್ ಕೊಡುವಾಗ ಒಂದು ಎಚ್ಚರ. ಹೊಟ್ಟೆಯ ನಡುವಿನ ಟನಲ್‌ಗೆ ಜಾಕ್ ಕೊಟ್ಟರೆ ಒಳಗಿನ ಉಕ್ಕಿನ ಪೈಪು ಚಪ್ಪಟೆಯಾಗುತ್ತದೆ. ಹಾಗೆ ಜಜ್ಜಿಹೋದ ಪೈಪಿರುವ ಎಕ್ಸ್ 1/9 ಗಳು ಅಪರೂಪವೇನಲ್ಲ. ಅಂಥ ಕಾರಿಗೆ ಎಷ್ಟು ಸಲ ಬ್ಲೀಡ್ ಮಾಡಿದರೂ ಹೆದ್ದಾರಿಯಲ್ಲಿ ಮುಳ್ಳು ಏರುವುದು ನಿಲ್ಲುವುದಿಲ್ಲ. ಕೆಲಸಕ್ಕೆ ಮೊದಲು ಟಾರ್ಚ್ ಹಿಡಿದು ಕೆಳಗೆ ಮಲಗಿ ಎರಡೂ ಪೈಪುಗಳನ್ನು ತುದಿಯಿಂದ ತುದಿಗೆ ನೋಡಿಬಿಡಿ, ತುಕ್ಕು ಹಿಡಿದ ಜಾಗವನ್ನೂ ಸೇರಿಸಿ.

ತುಂಬುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಹಳೆಯ ಕೂಲೆಂಟ್ ಇಳಿಸುವಾಗ ಅಳತೆಯ ಬಕೆಟ್ಟಿನಲ್ಲೇ ಹಿಡಿಯಿರಿ. ಈ ಒಂದು ಅಳತೆ ಕೊನೆಯಲ್ಲಿ ಬೇರೆಲ್ಲ ಲಕ್ಷಣಗಳಿಗಿಂತ ನಂಬಿಕೆಯ ಸಾಕ್ಷಿಯಾಗುತ್ತದೆ. ಎಂಟು ಲೀಟರ್ ಹೊರಬಂದು ಆರೇ ಲೀಟರ್ ಒಳಗೆ ಹೋಗಿದ್ದರೆ, ಗುಳ್ಳೆ ನಿಂತಿರಲಿ ಬಿಡಲಿ, ಎರಡು ಲೀಟರ್ ಗಾಳಿ ಒಳಗಿದೆ ಎಂದೇ ಅರ್ಥ. ಹೊಸದಾಗಿ ಹಾಕುವುದು ಇಥಿಲೀನ್ ಗ್ಲೈಕಾಲ್ ಕೂಲೆಂಟೂ ಡಿಸ್ಟಿಲ್ಡ್ ವಾಟರೂ ಸಮಪಾಲು. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಸುಣ್ಣ ಹೆಡ್‌ನ ಸಣ್ಣ ಸಂದುಗಳಲ್ಲೇ ಮೊದಲು ಕಟ್ಟುವುದು. ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ ಸಾಕು. ಬೇರೆ ಬೇರೆ ಬಗೆಯ ಕೂಲೆಂಟ್ ಬೆರೆಸಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಹೋಗಿ ಸಾಯುತ್ತವೆ.

ಹೀಟರ್ ಲಿವರನ್ನು ಪೂರ್ತಿ ಬಿಸಿಯ ಕಡೆ ತಳ್ಳಿ. ಅದು ಮುಚ್ಚಿದ್ದರೆ ಹೀಟರಿನ ಗುಡ್ಡದಲ್ಲಿ ಕೂತ ಗಾಳಿಗೆ ಅಲ್ಲಾಡಲೂ ಆಗುವುದಿಲ್ಲ. ಮುಂದಿನ ಡಿಕ್ಕಿ ತೆರೆದು, ಅಲ್ಲಿ ಕಾರಿನ ಬಿಚ್ಚಿಟ್ಟ ಛಾವಣಿ ಇದ್ದರೆ ಎತ್ತಿಟ್ಟು, ರೇಡಿಯೇಟರಿನ ಮೇಲಂಚಿನ ಬ್ಲೀಡ್ ಸ್ಕ್ರೂ ಹುಡುಕಿ. ವರ್ಷಗಟ್ಟಲೆ ಯಾರೂ ಮುಟ್ಟದ ಸ್ಕ್ರೂ ಆದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಜೋರು ಮಾಡಿದರೆ ತಲೆ ಮುರಿಯುತ್ತದೆ, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಆದರೆ ಸ್ಕ್ರೂ ಕೂರುವ ಜಾಗವೇ ಸೀಳುತ್ತದೆ. ಬಿಚ್ಚುವಾಗ ಮೊದಲು ತುಸುವೇ ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿದರೆ ಹೆಚ್ಚಾಗಿ ಸಲೀಸಾಗಿ ಬರುತ್ತದೆ. ಒಂದೆರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಾಸಿ.

ಇನ್ನು ಹಿಂದಕ್ಕೆ ಬಂದು ಥರ್ಮೋಸ್ಟಾಟ್ ಹೌಸಿಂಗಿನ ಮೇಲಿನ ಕ್ಯಾಪ್ ತೆಗೆಯಿರಿ. ಈ ಕಾರಿನಲ್ಲಿ ಎರಡು ಕ್ಯಾಪ್ ಇವೆ ಎಂಬುದೇ ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. ಟ್ಯಾಂಕಿನದು ಪ್ರೆಷರ್ ಕ್ಯಾಪ್. ಅದರಲ್ಲಿ ಒತ್ತಡ ಹೆಚ್ಚಾದರೆ ಬಿಡುವ ವಾಲ್ವೂ ಇದೆ, ತಣ್ಣಗಾಗುವಾಗ ಒಳಗೆಳೆದುಕೊಳ್ಳುವ ಪುಟ್ಟ ವಾಲ್ವೂ ಇದೆ. ಥರ್ಮೋಸ್ಟಾಟ್ ಮೇಲಿನದು ಬರೀ ಮುಚ್ಚಳ. ನೋಡಲು ಒಂದೇ ಥರ ಇರುವುದರಿಂದ ಅಲ್ಲಿಗೂ ಪ್ರೆಷರ್ ಕ್ಯಾಪ್ ಹಾಕಿಬಿಡುವವರಿದ್ದಾರೆ. ಆಮೇಲೆ ಎಲ್ಲಿಂದ ನೀರು ಹೋಗುತ್ತಿದೆ, ಗಾಳಿ ಎಲ್ಲಿಂದ ಬರುತ್ತಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಥರ್ಮೋಸ್ಟಾಟ್ ಬಾಯಿಯಿಂದಲೇ ನಿಧಾನವಾಗಿ ಹೊಯ್ಯಿರಿ, ಸಣ್ಣ ಧಾರೆಯಲ್ಲಿ. ಒಮ್ಮೆಲೇ ಸುರಿದರೆ ಒಳಹೋಗುವ ನೀರೂ ಹೊರಬರುವ ಗಾಳಿಯೂ ಒಂದೇ ಕೊಳವೆಯಲ್ಲಿ ಗುದ್ದಾಡಿ, ತುಂಬಿತು ಎಂಬ ಭ್ರಮೆ ಹುಟ್ಟಿಸುತ್ತವೆ. ಅರ್ಧ ನಿಮಿಷ ಬಿಟ್ಟು ನೋಡಿದರೆ ಮಟ್ಟ ಇಳಿದಿರುತ್ತದೆ. ಕೈಗೆ ಸಿಗುವ ಪ್ರತಿ ಹೋಸನ್ನೂ ಅದುಮಿ ಬಿಡಿ. ಇನ್ನೊಬ್ಬರು ಬ್ಲೀಡ್ ಸ್ಕ್ರೂ ಹತ್ತಿರ ನಿಂತಿದ್ದರೆ ಒಳ್ಳೆಯದು. ಅಲ್ಲಿ ಆಗುವುದನ್ನು ಕಿವಿಗೊಟ್ಟು ಕೇಳಬೇಕು. ಮೊದಲು ಸದ್ದಿಲ್ಲದೆ ಗಾಳಿ ಬರುತ್ತದೆ, ಸ್ಕ್ರೂ ಸುತ್ತ ಬೆರಳಿಟ್ಟರೆ ತಂಪಾಗಿ ತಾಗುತ್ತದೆ. ನಂತರ ಸುಯ್ಯೆನ್ನುವ ಸದ್ದು, ಥ್ರೆಡ್ಡಿನ ಸಂದಿಯಲ್ಲಿ ನೊರೆ. ಆಮೇಲೆ ಉಗುಳಿದಂತೆ ಬಿಟ್ಟು ಬಿಟ್ಟು ನೀರು. ಇಲ್ಲಿಗೆ ಮುಚ್ಚಿಬಿಡುವುದು ಎಲ್ಲರ ಆತುರ. ಮುಚ್ಚಬಾರದು. ಉಗುಳುವುದು ಪೂರ್ತಿ ನಿಂತು ಒಂದೇ ದಪ್ಪದ ಧಾರೆ ಬಂದ ಮೇಲೂ ಒಂದು ಲೋಟದಷ್ಟು ಹರಿಯಗೊಡಿ. ಹಲವು ಸಲ ನಡುವೆ ಇನ್ನೊಂದು ದೊಡ್ಡ ಗುಳ್ಳೆ ಬಂದೇ ಬರುತ್ತದೆ. ಅದು ಟನಲ್ ಪೈಪಿನದು ಅಥವಾ ಕೆಳ ಹೋಸಿನ ಬಳುಕಿನದು. ಆಮೇಲೆ ಸ್ಕ್ರೂ ಮುಚ್ಚಿ, ಹದವಾಗಿ ಬಿಗಿಯಿರಿ. ಹಿಂದೆ ಥರ್ಮೋಸ್ಟಾಟ್ ಬಾಯಿ ತುಂಬಿಸಿ ಮುಚ್ಚಿ, ಟ್ಯಾಂಕಿಗೆ ಹೊಯ್ಯಿರಿ. ಟ್ಯಾಂಕನ್ನು ಕತ್ತಿನವರೆಗೆ ತುಂಬಬೇಡಿ. 20 ಡಿಗ್ರಿಯಿಂದ 90 ಡಿಗ್ರಿಗೆ ಏರುವಾಗ ಕೂಲೆಂಟ್ ನೂರಕ್ಕೆ ನಾಲ್ಕರಷ್ಟು ಹಿಗ್ಗುತ್ತದೆ. ಹನ್ನೊಂದು ಲೀಟರಿಗೆ ಅದು ಅರ್ಧ ಲೀಟರಿನ ಹತ್ತಿರ, ಅಷ್ಟು ಜಾಗ ಬಿಡಲೇಬೇಕು.

ಈಗ ಎಂಜಿನ್ ಶುರು ಮಾಡಿ, ಟ್ಯಾಂಕಿನ ಕ್ಯಾಪ್ ತೆರೆದಿರುವಾಗಲೇ. ಪಂಪಿಗೆ ಹೊಡೆತ ಸಿಗಲು 1500ರಿಂದ 2000 ಆರ್‌ಪಿಎಂ ಇರಲಿ. ಮಟ್ಟ ಇಳಿದರೆ ತುಂಬುತ್ತಿರಿ. ನೀರು ಬೆಚ್ಚಗಾಗಿ ಟ್ಯಾಂಕಿನಲ್ಲಿ ಏರತೊಡಗಿದ ಕೂಡಲೇ ಕ್ಯಾಪ್ ಹಾಕಿಬಿಡಿ. ಬಿಸಿಯಾದ ಮೇಲೆ ತೆರೆದಿಟ್ಟರೆ ಕೆಳಗಿನ ಗುಳ್ಳೆಯೊಂದು ಉಕ್ಕಿ ಬಿಸಿನೀರು ಮುಖಕ್ಕೆ ಹಾರುತ್ತದೆ. ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೆ ಮುಂದಿನ ರೇಡಿಯೇಟರಿನ ಒಂದು ಹೋಸ್ ಬಿಸಿಯಾಗಬೇಕು, ಸ್ವಲ್ಪದರಲ್ಲೇ ಇನ್ನೊಂದೂ ಬೆಚ್ಚಗಾಗಬೇಕು. ಹೀಟರಿನಿಂದ ಐಡಲ್‌ನಲ್ಲೂ ಬಿಸಿಗಾಳಿ ಬರಬೇಕು. ಆರ್‌ಪಿಎಂ ಏರಿಸಿದಾಗ ಮಾತ್ರ ಬಿಸಿ, ಇಳಿಸಿದರೆ ತಣ್ಣಗೆ ಎಂದಾದರೆ ಹೀಟರಿನಲ್ಲಿ ಇನ್ನೂ ಗಾಳಿ ಇದೆ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಕಾಯಿರಿ. ಓಡುವ ಬಿಸಿ ಎಂಜಿನ್ನಿನಲ್ಲಿ ಬ್ಲೀಡ್ ಸ್ಕ್ರೂ ಬಿಚ್ಚುವುದನ್ನು ಕೆಲವರು ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿಗೂ ಹೆಚ್ಚು ಬಿಸಿಯಿದ್ದು, ಹೊರಬಂದ ಕ್ಷಣ ಉಗಿಯಾಗಿ ಸಿಡಿಯುತ್ತದೆ. ಇಡೀ ರಾತ್ರಿ ತಣಿಯಲು ಬಿಟ್ಟು, ಬೆಳಗ್ಗೆ ಮತ್ತೆ ಸ್ಕ್ರೂ ಸಡಿಲಿಸಿದರೆ ಒಳಗೆ ಚದುರಿದ್ದ ಸಣ್ಣ ಗುಳ್ಳೆಗಳು ನೆತ್ತಿಯಲ್ಲಿ ಒಟ್ಟಾಗಿ ಕಾದಿರುತ್ತವೆ. ಅವನ್ನು ಬಿಡಿಸಿ, ಟ್ಯಾಂಕ್ ಸರಿಮಾಡಿ, ಒಂದು ಸುತ್ತು ಓಡಿಸಿ ತಂದು, ಮತ್ತೆ ತಣಿದ ಮೇಲೆ ಇನ್ನೊಮ್ಮೆ ಹೀಗೆಯೇ ಮಾಡಿ.

ನಿರ್ವಾತದ ದಾರಿ

ಕಂಪ್ರೆಸರ್ ಇರುವವರಿಗೆ ಇನ್ನೊಂದು ದಾರಿಯಿದೆ. ಟ್ಯಾಂಕಿನ ಬಾಯಿಗೆ ವ್ಯಾಕ್ಯೂಮ್ ಫಿಲ್ಲರ್ ಕೂರಿಸಿ ಒಳಗಿನ ಗಾಳಿಯನ್ನೇ ಮೊದಲು ಹೀರಿ ತೆಗೆದು, ಆ ಸೆಳೆತದಿಂದಲೇ ಕೂಲೆಂಟ್ ಎಳೆಸುವುದು. ಸಮುದ್ರಮಟ್ಟದಲ್ಲಿ ಉಪಕರಣದ ಮುಳ್ಳು 0.85 ಬಾರ್ ಸೆಳೆತ ತೋರಿಸಿದರೆ ಒಳಗೆ ಉಳಿದ ಗಾಳಿ ಮೊದಲಿದ್ದದ್ದರ ಆರನೇ ಒಂದು ಪಾಲಿನಷ್ಟು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 0.9 ಬಾರ್, ಹಾಗಾಗಿ ಅಲ್ಲಿ 0.75 ಬಂದರೂ ಉಪಕರಣ ಸರಿಯಾಗೇ ಇದೆ ಎಂದರ್ಥ. ವಾಲ್ವ್ ಮುಚ್ಚಿ ಐದು ನಿಮಿಷ ಮುಳ್ಳು ಕದಲದಿದ್ದರೆ ಎಲ್ಲೂ ಸೋರಿಕೆಯಿಲ್ಲ. ಈ ಪರೀಕ್ಷೆಗಾಗಿಯಾದರೂ ಈ ಉಪಕರಣ ಬೆಲೆ ಬಾಳುತ್ತದೆ. ಎಂಜಿನ್ ಮಾತ್ರ ಪೂರ್ತಿ ತಣ್ಣಗಿರಬೇಕು, ಏಕೆಂದರೆ ಅಷ್ಟು ಕಡಿಮೆ ಒತ್ತಡದಲ್ಲಿ ನೀರು ಸುಮಾರು 55 ಡಿಗ್ರಿಗೇ ಕುದಿಯುತ್ತದೆ. ತಳದಲ್ಲಿ ಉಳಿದ ಬಿಸಿ ಕೂಲೆಂಟ್ ಉಗಿಯಾಗಿ ನಿರ್ವಾತವನ್ನು ಕೆಡಿಸುತ್ತದೆ. ಹಳೆಯ ಹೋಸುಗಳು ಚಪ್ಪಟೆಯಾಗುವುದು ಸಹಜ, ಆದರೆ ಒಳಪದರ ಬಿರುಕು ಬಿಟ್ಟ ಹೋಸು ಮತ್ತೆ ಉಬ್ಬುವಾಗ ಸೀಳಬಹುದು. ಹೋಸುಗಳ ವಯಸ್ಸು ಗೊತ್ತಿಲ್ಲದಿದ್ದರೆ ಮೊದಲು ಅವನ್ನು ಬದಲಾಯಿಸಿ. ನಿರ್ವಾತದಲ್ಲಿ ತುಂಬಿದ ಮೇಲೂ ಉಳಿದ ಗಾಳಿ ಆ ಮೂರು ಗುಡ್ಡಗಳಿಗೇ ಹೋಗುತ್ತದೆ, ಮುಂದಿನ ಸ್ಕ್ರೂ ಒಮ್ಮೆ ಬಿಚ್ಚಿ ನೋಡುವುದು ತಪ್ಪುವುದಿಲ್ಲ.

ಮುಗಿಯದ ಗಾಳಿ

ಎಲ್ಲವನ್ನೂ ಕ್ರಮವಾಗಿ ಮಾಡಿದ ಮೇಲೂ ಪ್ರತಿ ಬೆಳಗ್ಗೆ ಬ್ಲೀಡ್ ಸ್ಕ್ರೂನಲ್ಲಿ ಗಾಳಿ ಸಿಗುತ್ತಿದ್ದರೆ ಅದು ಉಳಿದ ಗಾಳಿಯಲ್ಲ, ಹೊಸದಾಗಿ ಬರುತ್ತಿರುವುದು. ಬರುವ ದಾರಿಗಳು ಕೆಲವೇ. ಟ್ಯಾಂಕಿನ ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ ಬಿಸಿಯಲ್ಲಿ ಕೂಲೆಂಟ್ ಹೊರಚೆಲ್ಲಿ, ತಣಿದಾಗ ಆ ಜಾಗಕ್ಕೆ ಗಾಳಿ ಸೇರುತ್ತದೆ. ಹೊಸ ಕ್ಯಾಪ್ ಎಲ್ಲಕ್ಕಿಂತ ಅಗ್ಗದ ರಿಪೇರಿ, ಅಲ್ಲಿಂದಲೇ ಶುರು ಮಾಡಬೇಕು. ಪಂಪಿನ ಹೀರುವ ಕಡೆಯ ಹೋಸ್ ಕ್ಲಿಪ್ ಸಡಿಲವಿದ್ದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಗಾಳಿ ಎಳೆಯಬಹುದು. ಪಂಪಿನ ಸೀಲ್ ಸವೆದಾಗಲೂ ಹೀಗೇ. ಪಂಪಿನ ಕೆಳಗಿನ ಸಣ್ಣ ತೂತಿನ ಹತ್ತಿರ ಒಣಗಿದ ಕೂಲೆಂಟಿನ ಬಣ್ಣದ ಕಲೆ ಇದೆಯೇ ನೋಡಿ.

ಉಳಿದದ್ದು ಹೆಡ್ ಗ್ಯಾಸ್ಕೆಟ್. ಸಿಲಿಂಡರಿನ ಸುಟ್ಟ ಗ್ಯಾಸು ನೀರಿನ ಸಂದಿಗೆ ನುಗ್ಗುತ್ತಿದ್ದರೆ ತಣ್ಣನೆಯ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರು ಇನ್ನೂ ಬೆಚ್ಚಗೂ ಆಗಿರದಿರುವಾಗ ಅಷ್ಟು ಒತ್ತಡ ಹಿಗ್ಗುವಿಕೆಯಿಂದ ಬರಲು ಸಾಧ್ಯವಿಲ್ಲ. ಖಚಿತಪಡಿಸಿಕೊಳ್ಳಲು ಬ್ಲಾಕ್ ಟೆಸ್ಟರ್ ಸಿಗುತ್ತದೆ. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದರೆ, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದಾಗ ದ್ರವ ಹಳದಿಗೆ ತಿರುಗುತ್ತದೆ. ಕೂಲೆಂಟನ್ನೇ ಟ್ಯೂಬಿಗೆ ಎಳೆದುಕೊಂಡರೆ ಪರೀಕ್ಷೆ ಕೆಡುತ್ತದೆ, ಆದ್ದರಿಂದ ಮೊದಲು ಟ್ಯಾಂಕಿನಿಂದ ಒಂದಿಷ್ಟು ತೆಗೆದು ಮಟ್ಟ ಇಳಿಸಿಕೊಳ್ಳಬೇಕು. ಹಳದಿ ಬಂದ ಮೇಲೆ ಬ್ಲೀಡ್ ಸ್ಕ್ರೂ ಮುಟ್ಟಿ ಪ್ರಯೋಜನವಿಲ್ಲ. ಹೆಡ್ ಇಳಿಸಿ, ಅದರ ಮುಖಕ್ಕೆ ನೇರಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಬಾಗು ಅಳೆದು, ಬೇಕಾದರೆ ಮುಖ ಸಪಾಟಾಗುವಂತೆ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದ ನಂತರವೇ ಮತ್ತೆ ಅಳತೆಯ ಬಕೆಟ್ಟು ಕೈಗೆತ್ತಿಕೊಳ್ಳುವುದು.